ರ‍್ಯಾಂಕ್ ಲಿಸ್ಟಿನಲ್ಲಿ ಮೊದಲು ಯಾವುದನ್ನು ಹಾಕಲಿ ಎಂದು ಕೇಳುವವರಿಗೆ

ಪ್ರತಿ ವರ್ಷ ಜನವರಿ ಮುಗಿಯುತ್ತಿದ್ದಂತೆ ನನ್ನ ವಾಟ್ಸಾಪ್‌ಗೆ ಎಕ್ಸೆಲ್ ಹಾಳೆಗಳು ಬರತೊಡಗುತ್ತವೆ. ಕಳುಹಿಸುವವರು ನಾನು ಓದಿದ ಕಾಲೇಜಿನ ಕಿರಿಯರು, ಆ ಕಿರಿಯರ ಗೆಳೆಯರು, ಕೆಲವೊಮ್ಮೆ ನನಗೆ ಪರಿಚಯವೇ ಇಲ್ಲದವರ ಸೋದರಮಾವಂದಿರು. ಅಮೆರಿಕದಲ್ಲಿ ನ್ಯೂರಾಲಜಿ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ನರರೋಗ ತಜ್ಞರಾಗುವ ತರಬೇತಿಗೆ, ಅರ್ಜಿ ಹಾಕಿ, ಸಂದರ್ಶನಗಳನ್ನೆಲ್ಲ ಮುಗಿಸಿ, ಯಾವ ಆಸ್ಪತ್ರೆಯನ್ನು ಎಷ್ಟನೆಯ ಸ್ಥಾನದಲ್ಲಿ ಬರೆಯಬೇಕು ಎಂಬಲ್ಲಿಗೆ ಬಂದು ನಿಂತವರ ಹಾಳೆಗಳು ಅವು. ಪ್ರಶ್ನೆ ಒಂದೇ: “ಮೇಡಂ, ಫಸ್ಟ್ ಯಾವ್ದು ಹಾಕ್ಲಿ?” ಫೋನಿನಲ್ಲಿ ಉತ್ತರಿಸಿ ಉತ್ತರಿಸಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ; ಬೇಸರವಾದರೆ ಆಗಲಿ.

ನಿಮಗೆ ಎಲ್ಲಕ್ಕಿಂತ ಹೆಚ್ಚು ಎಲ್ಲಿಗೆ ಹೋಗುವ ಆಸೆಯಿದೆಯೋ ಅದನ್ನು ಮೊದಲು ಹಾಕಿ. ಅದಕ್ಕಿಂತ ತುಸು ಕಡಿಮೆ ಆಸೆಯಿರುವುದನ್ನು ಎರಡನೆಯದಾಗಿ ಹಾಕಿ. ಎಲ್ಲಿಗೆ ಹೋಗುವುದಕ್ಕಿಂತ ಒಂದು ವರ್ಷ ಮನೆಯಲ್ಲಿ ಕೂರುವುದೇ ಮೇಲು ಎನಿಸುತ್ತದೆಯೋ ಅದನ್ನು ಹಾಕಲೇಬೇಡಿ, ಏಕೆಂದರೆ ಇಲ್ಲಿ ಸಿಕ್ಕಿದ ಮೇಲೆ ಒಲ್ಲೆ ಎನ್ನುವಂತಿಲ್ಲ.

ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ. “ಅದ್ಸರಿ ಮೇಡಂ, ಆದ್ರೆ ಸಿಗೋದನ್ನ ಮೊದ್ಲು ಹಾಕೋದು ಸೇಫ್ ಅಲ್ವಾ?” ಎನ್ನುತ್ತಾರೆ. ಹದಿನೆಂಟನೆಯ ವಯಸ್ಸಿನಲ್ಲಿ ಸೈಬರ್ ಕೆಫೆಯಲ್ಲೋ ಅಪ್ಪನ ಲ್ಯಾಪ್‌ಟಾಪಿನ ಮುಂದೋ ಕುಳಿತು, ಹಿಂದಿನ ವರ್ಷದ ಕಟ್‌ಆಫ್ ನೋಡಿಕೊಂಡು ಸಿಇಟಿ ಆಪ್ಷನ್ ಎಂಟ್ರಿ ಮಾಡಿದ ಭಯ ಇನ್ನೂ ಬಿಟ್ಟಿಲ್ಲ. ಅಲ್ಲಿ ಎಲ್ಲ ಕಾಲೇಜುಗಳಿಗೂ ಒಂದೇ ಮೆರಿಟ್ ಪಟ್ಟಿ. ನಿಮ್ಮ ಸಂಖ್ಯೆ ಎಷ್ಟೆಂದು ನಿಮಗೂ ಗೊತ್ತು, ಪಕ್ಕದ ಮನೆಯವರಿಗೂ ಗೊತ್ತು. ಇಲ್ಲಿ ಪ್ರತಿಯೊಂದು ಆಸ್ಪತ್ರೆಯ ತರಬೇತಿ ಪ್ರೋಗ್ರಾಮೂ ತನ್ನದೇ ಪಟ್ಟಿ ಮಾಡುತ್ತದೆ, ಕಟ್‌ಆಫ್ ಎಂಬುದೇ ಇಲ್ಲ, ಮತ್ತು ನೀವು ಅವರನ್ನು ಮೊದಲು ಬರೆದಿದ್ದೀರೋ ಒಂಬತ್ತನೆಯದಾಗಿ ಬರೆದಿದ್ದೀರೋ ಎಂಬುದು ಅವರಿಗೆ ಕಾಣುವುದಿಲ್ಲ. ನಿಮ್ಮ ಪಟ್ಟಿಯನ್ನೂ ಅವರ ಪಟ್ಟಿಯನ್ನೂ ಕಂಪ್ಯೂಟರ್ ಹೊಂದಿಸುತ್ತದೆ; ಇದಕ್ಕೇ ಮ್ಯಾಚ್ ಎನ್ನುವುದು. ಅದು ಮೊದಲು ನಿಮ್ಮ ಒಂದನೆಯ ಆಯ್ಕೆಯ ಬಾಗಿಲು ತಟ್ಟುತ್ತದೆ. ಅಲ್ಲಿ ಜಾಗವಿದ್ದರೆ, ಅಥವಾ ಅಲ್ಲಿ ತಾತ್ಕಾಲಿಕವಾಗಿ ಕುಳಿತವರಿಗಿಂತ ನೀವು ಆ ಪ್ರೋಗ್ರಾಮಿನ ಪಟ್ಟಿಯಲ್ಲಿ ಮೇಲಿದ್ದರೆ, ನಿಮ್ಮನ್ನು ಕೂರಿಸುತ್ತದೆ; ಇಲ್ಲವಾದರೆ ಎರಡನೆಯ ಬಾಗಿಲಿಗೆ ಹೋಗುತ್ತದೆ. ಮೊದಲ ಬಾಗಿಲು ತೆರೆಯದಿದ್ದ ಮಾತ್ರಕ್ಕೆ ಎರಡನೆಯ ಬಾಗಿಲಲ್ಲಿ ನಿಮ್ಮ ಬೆಲೆ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. 1962ರಲ್ಲಿ ಗೇಲ್ ಮತ್ತು ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ವಿವರಿಸಿದ ವಿಧಾನದ ಸಂತತಿ ಇದು. ಮ್ಯಾಚ್ 1998ರಿಂದ ಅಭ್ಯರ್ಥಿಯ ಆಯ್ಕೆಯಿಂದಲೇ ಲೆಕ್ಕ ಶುರುಮಾಡುವಂತೆ ಅದನ್ನು ತಿದ್ದಿದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ, ಶಾಪ್ಲಿಯವರ ಜೊತೆಗೆ, 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನೊಬೆಲ್ ಬಂದವರ ಮಾತಿಗೂ ನಿಮ್ಮ ಸೋದರಮಾವ ಒಪ್ಪುವುದಿಲ್ಲವೆಂದರೆ ನಾನೇನು ಮಾಡಲಿ?

ಕಳೆದ ವರ್ಷ ಭಾನುವಾರ ಬೆಳಿಗ್ಗೆ ಒಬ್ಬ ಹುಡುಗಿಯ ತಂದೆ ದಾವಣಗೆರೆಯಿಂದ ಫೋನ್ ಮಾಡಿದ್ದರು. ಮಗಳು ಹನ್ನೊಂದು ಪ್ರೋಗ್ರಾಮುಗಳಿಗೆ ಅಂಕ ಕೊಟ್ಟು, ದಶಮಾಂಶದ ಎರಡು ಸ್ಥಾನಗಳವರೆಗೆ ಲೆಕ್ಕ ಹಾಕಿದ್ದಳು. ತಂದೆಯವರು ಅದಕ್ಕೆ ಎರಡು ಕಾಲಂ ಸೇರಿಸಿದ್ದರು: ಒಂದು ದೇವಸ್ಥಾನ ಎಷ್ಟು ದೂರವೆಂದು, ಇನ್ನೊಂದು ಕನ್ನಡ ಸಂಘ ಇದೆಯೋ ಇಲ್ಲವೋ ಎಂದು. ನಾನು ನಗಲಿಲ್ಲ, ಕೊರೆಯುವ ಚಳಿಯಲ್ಲಿ ಒಬ್ಬಳೇ ಯುಗಾದಿ ಮಾಡಿದವಳಿಗೆ ಆ ಕಾಲಂನ ಬೆಲೆ ಗೊತ್ತಿದೆ. ಆದರೆ ಅವರು ಕೊನೆಗೆ, “ಡಾಕ್ಟ್ರೇ, ಅದೆಲ್ಲ ಇರ್ಲಿ, ಹೆಸ್ರು ದೊಡ್ಡದಿರೋದನ್ನೇ ಮೊದ್ಲು ಹಾಕ್ಸಿ. ನಾಳೆ ಊರಲ್ಲಿ ನಾಲ್ಕು ಜನಕ್ಕೆ ಹೇಳ್ಬೇಕಲ್ಲ” ಎಂದರು. ನಾಲ್ಕು ವರ್ಷ ರಾತ್ರಿಪಾಳಿ ಮಾಡುವವಳು ಮಗಳು, ಹೇಳಿಕೊಳ್ಳುವವರು ಇವರು. ನಾನು ಸ್ವಲ್ಪ ಒರಟಾಗಿಯೇ ಮಾತಾಡಿದೆ ಎಂದು ಆಮೇಲೆ ಅನಿಸಿತು.

ಒರಟುತನಕ್ಕೆ ಕಾರಣವಿದೆ. ನಾನು 2013ರಲ್ಲಿ ನನ್ನ ಪಟ್ಟಿಯನ್ನು ಹಾಳುಮಾಡಿಕೊಂಡವಳು. ಆಗ ಸಂದರ್ಶನಗಳು ಪರದೆಯ ಮೇಲೆ ನಡೆಯುತ್ತಿರಲಿಲ್ಲ. ವಿಮಾನ ಹತ್ತಿ ಹೋಗಬೇಕಿತ್ತು, ಹಿಂದಿನ ಸಂಜೆ ಅಲ್ಲಿಯ ರೆಸಿಡೆಂಟರು ಊಟಕ್ಕೆ ಕರೆದೊಯ್ಯುತ್ತಿದ್ದರು. ನನಗೆ ಬಹಳ ಮೆಚ್ಚುಗೆಯಾದ ಊರಿನಲ್ಲಿ ಒಬ್ಬ ರೆಸಿಡೆಂಟ್ ಊಟಕ್ಕೆ ತಡವಾಗಿ, ಆಸ್ಪತ್ರೆಯ ಬಟ್ಟೆಯಲ್ಲೇ ಬಂದ. ರಾತ್ರಿ ಕಷ್ಟದ ಕೇಸು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಅಟೆಂಡಿಂಗ್‌ಗೆ (ನಮ್ಮ ಮೇಲಿನ ಹಿರಿಯ ವೈದ್ಯರಿಗೆ) ಫೋನ್ ಮಾಡುತ್ತೇವೆ. ಮಾಡಿದರೆ ಬೈಯುವುದಿಲ್ಲ, ಮಾಡದಿದ್ದರೆ ಬೈಯುತ್ತಾರೆ” ಎಂದ. ಮುಂದಿನ ವಾರ ಮತ್ತೊಂದು ಊರಿನ ಊಟದಲ್ಲಿ ಅದೇ ಪ್ರಶ್ನೆ ಕೇಳಿದಾಗ ಮೂವರು ರೆಸಿಡೆಂಟರು ಪರಸ್ಪರ ಮುಖ ನೋಡಿಕೊಂಡರು. ಆಮೇಲೆ ಒಬ್ಬಳು, “ಇಲ್ಲಿ ನಮಗೆ ತುಂಬ ಸ್ವಾತಂತ್ರ್ಯವಿದೆ” ಎಂದಳು. ಆ ಮಾತಿನ ಅರ್ಥ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಫೆಬ್ರವರಿಯಲ್ಲಿ ಈ ಎರಡನೆಯ ಊರಿನಿಂದ, ನಿಮ್ಮನ್ನು ನಮ್ಮ ಪಟ್ಟಿಯಲ್ಲಿ ಬಹಳ ಮೇಲೆ ಇಟ್ಟಿದ್ದೇವೆ ಎಂಬ ಇಮೇಲ್ ಬಂತು. ಮೊದಲನೆಯ ಊರಿನವರು ಏನೂ ಬರೆಯಲಿಲ್ಲ. ಬೇಕು ಎಂದವರ ಮನೆಗೇ ಹೋಗಬೇಕು ಎಂಬ ನಮ್ಮ ಕಡೆಯ ವಧುಪರೀಕ್ಷೆಯ ತರ್ಕದಿಂದ ನಾನು ಪಟ್ಟಿಯ ಮೊದಲೆರಡು ಸಾಲುಗಳನ್ನು ಅದಲುಬದಲು ಮಾಡಿದೆ; ಸಿಕ್ಕಿದ್ದೂ ಆ ಎರಡನೆಯ ಊರೇ. ಅದಲುಬದಲು ಮಾಡದಿದ್ದರೂ ಆ ಇಮೇಲ್ ಬರೆದವರು ನನ್ನನ್ನು ಅಷ್ಟೇ ಮೇಲೆ ಇಟ್ಟಿರುತ್ತಿದ್ದರು. ಅಷ್ಟು ಸರಳವಾದ ವಿಷಯ ಆ ದಿನ ಹೊಳೆಯಲಿಲ್ಲ. ಮೊದಲನೆಯ ಊರಿನಲ್ಲಿ ನನಗೆ ಜಾಗವಿತ್ತೇ ಎಂಬುದು ಈಗ ಎಂದಿಗೂ ತಿಳಿಯುವುದಿಲ್ಲ.

ಹಾಗಾಗಿ “ಫಸ್ಟ್ ಯಾವ್ದು ಹಾಕ್ಲಿ” ಎನ್ನುವ ಬದಲು, “ಮೇಡಂ, ರಾತ್ರಿ ಎರಡು ಗಂಟೆಗೆ ನೀವು ಫೋನ್ ಮಾಡಿದಾಗ ಯಾರು ಎತ್ತುತ್ತಿದ್ದರು?” ಎಂದು ಯಾರಾದರೂ ಕೇಳಲಿ ಎಂದು ನಾನು ಹತ್ತು ವರ್ಷಗಳಿಂದ ಕಾಯುತ್ತಿದ್ದೇನೆ. ಕೇಳದಿದ್ದರೂ ಹೇಳುತ್ತೇನೆ.

2015ರ ಫೆಬ್ರವರಿ. ಮೊದಲ ವರ್ಷದ ಜನರಲ್ ಮೆಡಿಸಿನ್ ಮುಗಿಸಿ ನ್ಯೂರಾಲಜಿಗೆ ಕಾಲಿಟ್ಟು ಎಂಟು ತಿಂಗಳಾಗಿತ್ತು. ಅರವತ್ತು ದಾಟಿದ ಒಬ್ಬ ಹೆಂಗಸನ್ನು ಕರೆತಂದರು: ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ನಿಂತಿದೆ, ಹನ್ನೊಂದೂವರೆಗೆ ಮಗಳ ಜೊತೆ ಚೆನ್ನಾಗಿ ಮಾತಾಡಿದ್ದಾರೆ. ಲಕ್ವದ ತೀವ್ರತೆ ಅಳೆಯುವ ಪರೀಕ್ಷೆಯಲ್ಲಿ ಆಗ ಒಂದು ಚಿತ್ರ ತೋರಿಸುತ್ತಿದ್ದೆವು. ಅಡುಗೆಮನೆಯ ಸಿಂಕಿನಿಂದ ನೀರು ಉಕ್ಕುತ್ತಿರುತ್ತದೆ, ತಾಯಿಗೆ ಅದರ ಪರಿವೆಯಿಲ್ಲ, ಹಿಂದೆ ಹುಡುಗನೊಬ್ಬ ಸ್ಟೂಲು ಹತ್ತಿ ಬಿಸ್ಕತ್ತು ಕದಿಯುತ್ತಿರುತ್ತಾನೆ. ಆಕೆ ಚಿತ್ರವನ್ನು ಬಹಳ ಹೊತ್ತು ನೋಡಿ “ವಾಟರ್” ಎಂದರು. ಹುಡುಗನನ್ನು ತೋರಿಸಿದರೂ “ವಾಟರ್”. ನಾಲ್ಕೂವರೆ ಗಂಟೆಯ ಗಡುವಿನೊಳಗೆ ಹೆಪ್ಪು ಕರಗಿಸುವ ಟಿಪಿಎ ಶುರುಮಾಡಿದೆವು. ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ದೊಡ್ಡ ರಕ್ತನಾಳವೇ ಮುಚ್ಚಿರುವುದು ಕಂಡಿತು. ಅಂಥ ಹೆಪ್ಪನ್ನು ತೊಡೆಯ ರಕ್ತನಾಳದ ಮೂಲಕ ತಂತಿ ಹಾಯಿಸಿ ಹೊರಗೆಳೆದರೆ ರೋಗಿಗಳು ಹೆಚ್ಚು ಚೇತರಿಸಿಕೊಳ್ಳುತ್ತಾರೆ ಎಂಬ ನೆದರ್ಲೆಂಡ್ಸಿನ ಅಧ್ಯಯನ ಆಗಷ್ಟೇ, ಜನವರಿಯಲ್ಲಿ, ಅಚ್ಚಾಗಿತ್ತು. ನಮ್ಮಲ್ಲಿ ಅದನ್ನು ಮಾಡುವವರು ಇರಲಿಲ್ಲ. ಅಟೆಂಡಿಂಗ್‌ಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಎತ್ತಿ, “ಟಿಪಿಎ ಕೊಟ್ಟಾಗಿದೆಯಲ್ಲ, ಇನ್ನೇನು?” ಎಂದು ಇಟ್ಟರು. ಬೇರೆ ಆಸ್ಪತ್ರೆಗೆ ನಾನೇ ಫೋನ್ ಮಾಡಿ ಒಪ್ಪಿಸಿದೆ. ಹಿಮ ಸುರಿಯುತ್ತಿದ್ದುದರಿಂದ ಹೆಲಿಕಾಪ್ಟರ್ ಹಾರಲಿಲ್ಲ, ಆಂಬುಲೆನ್ಸಿನಲ್ಲಿ ಕಳುಹಿಸಿದೆವು. ಆಮೇಲೆ ಅವರಿಗೆ ಏನಾಯಿತೆಂದು ನಮಗೆ ಯಾರೂ ತಿಳಿಸಲಿಲ್ಲ.

ನಾನು ಅಲ್ಲಿ ಏನೂ ಕಲಿಯಲಿಲ್ಲ ಎಂದು ಅರ್ಥವಲ್ಲ. ಕಲಿತೆ, ಈಗ ಯಾವ ರಾತ್ರಿಗೂ ಹೆದರುವುದಿಲ್ಲ. ಬಾವಿಗೆ ತಳ್ಳಿ ಈಜು ಕಲಿಸುವ ಪದ್ಧತಿ ನಮ್ಮ ಊರುಗಳಲ್ಲೂ ಇತ್ತು. ಆದರೆ ತಳ್ಳುವ ಮೊದಲು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾರ್ಶ್ವವಾಯುವಿನ ಕೇಸುಗಳು ಎಲ್ಲೆಡೆ ಬೇಕಾದಷ್ಟು ಸಿಗುತ್ತವೆ. ಅಪಸ್ಮಾರದ ಘಟಕ ಎಷ್ಟು ಹಾಸಿಗೆಗಳದ್ದು, ಸ್ನಾಯುಗಳ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಸೂಜಿಯನ್ನು ನಿಮ್ಮ ಕೈಗೆ ಕೊಡುತ್ತಾರೋ ಬರೀ ನೋಡಲು ನಿಲ್ಲಿಸುತ್ತಾರೋ ಎಂದು ಕೇಳಿ. ಆಸ್ಪತ್ರೆ ಒಪ್ಪುವುದು ವಿನಿಮಯ ಕಾರ್ಯಕ್ರಮದ ಜೆ-1 ವೀಸಾವೋ ಉದ್ಯೋಗದ ಎಚ್-1ಬಿಯೋ ಎಂಬುದನ್ನು ಅರ್ಜಿ ಹಾಕುವ ಮುನ್ನವೇ ವಿಚಾರಿಸಿರಬೇಕಿತ್ತು. ಫೆಬ್ರವರಿಯಲ್ಲಿ ನನ್ನನ್ನು ಕೇಳಿ ಫಲವಿಲ್ಲ. ನ್ಯೂರಾಲಜಿಯ ನಾಲ್ಕು ವರ್ಷಗಳಲ್ಲಿ ಮೊದಲನೆಯದು ಬಹುಪಾಲು ಜನರಲ್ ಮೆಡಿಸಿನ್. ಕೆಲವು ಪ್ರೋಗ್ರಾಮುಗಳಲ್ಲಿ ಅದು ಒಳಗೇ ಸೇರಿರುತ್ತದೆ. ಅಡ್ವಾನ್ಸ್ಡ್ ಎಂದಿರುವ ಕಡೆ ಆ ಒಂದು ವರ್ಷಕ್ಕೆ ಬೇರೆ ಪಟ್ಟಿ ಕೊಡಬೇಕು. ಈ ಎರಡನೆಯ ಪಟ್ಟಿಯನ್ನು ಉದಾಸೀನ ಮಾಡಿದವರ ಕೈಯಲ್ಲಿ ಮೂರು ವರ್ಷದ ಸೀಟು ಇದ್ದರೂ ಮೊದಲ ವರ್ಷಕ್ಕೆ ನಿಲ್ಲಲು ನೆಲೆಯಿರುವುದಿಲ್ಲ.

ದಾವಣಗೆರೆಯ ಹುಡುಗಿ ಆಮೇಲೆ ತಾನೇ ಫೋನ್ ಮಾಡಿದ್ದಳು. ಹನ್ನೊಂದು ಕಡೆಯ ರೆಸಿಡೆಂಟರಿಗೂ ಆ ಎರಡು ಗಂಟೆಯ ಪ್ರಶ್ನೆ ಬರೆದಿದ್ದಳಂತೆ; ಏಳು ಕಡೆಯಿಂದ ಉತ್ತರ ಬಂದಿತ್ತು, ಅವುಗಳಲ್ಲಿ ಎರಡರಲ್ಲಿ ಸ್ವಾತಂತ್ರ್ಯ ಎಂಬ ಪದವಿತ್ತು. ಆ ಎರಡನ್ನೂ ಕೆಳಗಿಳಿಸಿದ್ದಳು. ಪಟ್ಟಿಗೆ ಸರ್ಟಿಫೈ ಒತ್ತಿದ್ದೀಯಾ ಎಂದು ಕೇಳಿದೆ. ಅದನ್ನು ಒತ್ತಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ. ಒತ್ತದ ಪಟ್ಟಿ ಲೆಕ್ಕಕ್ಕಿಲ್ಲ, ಬದಲಾಯಿಸಿದಾಗಲೆಲ್ಲ ಮತ್ತೆ ಒತ್ತಬೇಕು ಎಂದು ಹೇಳಿ, ಅವಳು ಒತ್ತುವವರೆಗೂ ನಾನು ಫೋನ್ ಇಡಲಿಲ್ಲ.