ಉಲ್ಟಾನಾ, ಸೀದಾನಾ? ಹಸಿ ಇಂಕಿನ ಜೊತೆ ಕಳೆದ ರಾತ್ರಿಗಳು

ಸಿಟಿ ಎಡಿಷನ್ ಓಡಲು ಶುರುವಾಗಿ ಐದು ನಿಮಿಷ ಆಗಿರಬೇಕು. ಪುಟ ಮಡಿಸುವ ಫೋಲ್ಡರಿನಿಂದ ಬಂದ ಒಂದು ಪ್ರತಿ ಎಳೆದು ದೀಪದ ಕೆಳಗೆ ಹಿಡಿದೆ. ಮೊದಲ ಪುಟದಲ್ಲಿ ಹೊಸ ಹೆಡ್ಡಿಂಗ್ ಸರಿಯಾಗಿಯೇ ಬಿದ್ದಿತ್ತು. ಆದರೆ ಅದರ ಹಿಂದೆ ತೆಳ್ಳಗೆ, ಬೂದಿ ಬಣ್ಣದಲ್ಲಿ ಇನ್ನೊಂದು ಹೆಡ್ಡಿಂಗ್ ಕಾಣುತ್ತಿತ್ತು. ಎರಡು ಗಂಟೆ ಹಿಂದೆ ಡಾಕ್ ಎಡಿಷನ್ನಿನಲ್ಲಿ, ಅಂದರೆ ಹೊರ ಊರುಗಳಿಗೆ ಮೊದಲೇ ಕಳಿಸುವ ಆವೃತ್ತಿಯಲ್ಲಿ, ಹೋದದ್ದು ಅದು. ಆ ಪುಟದ ಅಚ್ಚನ್ನು, ಅಂದರೆ ಪ್ಲೇಟನ್ನು, ನಾನೇ ಬಿಚ್ಚಿ ಕರಗಿಸಲು ಕಳಿಸಿದ್ದೆ. ಪ್ಲೇಟೇ ಇಲ್ಲದ ಮೇಲೆ ಅಕ್ಷರ ಎಲ್ಲಿಂದ ಬಂತು?

ಇದು 1980ರ ದಶಕದ ಶುರುವಿನ ಮಾತು. ಬೆಂಗಳೂರಿನ ಒಂದು ಪತ್ರಿಕೆಯ ಪ್ರೆಸ್ಸಿನಲ್ಲಿ ನಾನು ಟ್ರೈನಿ. ಮಷೀನು ಇಂಗ್ಲೆಂಡಿನಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ರೋಟರಿ, ಸುತ್ತುವ ಸಿಲಿಂಡರುಗಳಿಂದ ಅಚ್ಚು ಹಾಕುವಂಥದ್ದು. ಸೀಸದ ಬಾಗಿದ ಪ್ಲೇಟು, ರೀಲು ಕಾಗದ, ನೆಲ ನಡುಗಿಸುವ ಸದ್ದು. ಆಫ್‌ಸೆಟ್ ಅನ್ನುವ ಹೊಸ ಬಗೆಯ ಮಷೀನು ಆಗಲೇ ಬೇರೆ ಕಡೆ ಬಂದಿತ್ತು, ನಮ್ಮಲ್ಲಿ ಇನ್ನೂ ಬಂದಿರಲಿಲ್ಲ.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ ಇಂಕು ಕಡಿಮೆ ಮಾಡಿದ್ದು. ಇಂಕು ಎಷ್ಟು ಹರಿಯಬೇಕು ಅಂತ ಹಿಡಿತದಲ್ಲಿಡುವ ಡಕ್ಟಿನ ಕೀಗಳನ್ನು ಒಂದೊಂದಾಗಿ ಬಿಗಿ ಮಾಡುತ್ತಾ ಹೋದೆ. ಪುಟವೆಲ್ಲ ಮಂಕಾಯಿತು, ಫೋಟೊಗಳು ಹಳೇ ಮಸಿಬಟ್ಟೆಯ ಹಾಗೆ ಬಂದವು. ಹಿಂದಿನ ಹೆಡ್ಡಿಂಗ್ ಮಾತ್ರ ಹಾಗೇ ಇತ್ತು. ಅಷ್ಟರಲ್ಲಿ ಮೇಸ್ತ್ರಿ ಬಂದರು. ನಾನು, "ಮೇಸ್ತ್ರಿ, ಈ ಡ್ರಮ್ಮಿನ ಇಂಕು ತುಂಬಾ ತೆಳು ಇದೆ, ಒಣಗ್ತಾನೇ ಇಲ್ಲ" ಅಂದೆ.

"ಇಂಕಿನ ಮೇಲೆ ಯಾಕಯ್ಯಾ ಹಾಕ್ತೀಯ? ಕಲೆ ಓದು ಮೊದಲು. ಉಲ್ಟಾನಾ, ಸೀದಾನಾ?"

ನನಗೆ ಅರ್ಥವಾಗಲಿಲ್ಲ. ಅವರು ಪ್ರತಿ ಕಿತ್ತುಕೊಂಡು ಬೆರಳಿಟ್ಟು ತೋರಿಸಿದರು. ಆ ಬೂದಿ ಅಕ್ಷರಗಳನ್ನು ಸಲೀಸಾಗಿ ಓದಬಹುದಿತ್ತು. ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿರಲಿಲ್ಲ. "ಸೀದಾ ಇದೆ ಅಂದ್ರೆ ಎರಡು ಸಲ ದಾಟಿ ಬಂದಿದೆ. ಹೋಗಿ ಎರಡನೇ ಸಿಲಿಂಡರ್ ನೋಡು." ಮಷೀನು ನಿಲ್ಲಿಸಿದೆವು. ಕಾಗದವನ್ನು ಪ್ಲೇಟಿಗೆ ಒತ್ತುವ ಎರಡನೇ ಇಂಪ್ರೆಷನ್ ಸಿಲಿಂಡರಿನ ಹೊದಿಕೆ, ಅಂದರೆ ಬ್ಲಾಂಕೆಟ್ ಮೇಲೆ ಡಾಕ್ ಎಡಿಷನ್ನಿನ ಮೊದಲ ಪುಟ ಉಲ್ಟಾ ಆಗಿ ಕೂತಿತ್ತು, ಒಂದು ಕಾಲಂ ಕೂಡ ಬಿಟ್ಟಿರಲಿಲ್ಲ. ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದೆವು. ಮತ್ತೆ ಓಡಿಸಿದಾಗ ಹಳೇ ಹೆಡ್ಡಿಂಗ್ ಹೋಗಿತ್ತು. ನಾನು ಬಿಗಿ ಮಾಡಿದ್ದ ಕೀಗಳನ್ನು ಮತ್ತೆ ಸರಿ ಮಾಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ವೇಸ್ಟ್ ಆದ ಕಾಗದದ ರಾಶಿ ನೋಡಿ ಮ್ಯಾನೇಜರು ಬೆಳಗ್ಗೆ ಏನು ಅಂದರು ಅನ್ನುವುದು ಇಲ್ಲಿ ಬೇಡ.

ಆಗಿದ್ದು ಇಷ್ಟು. ರೀಲಿನಿಂದ ಬಂದ ಕಾಗದ ಮೊದಲ ಸಿಲಿಂಡರಿನಲ್ಲಿ ಒಂದು ಮುಖ ಅಚ್ಚು ಹಾಕಿಸಿಕೊಳ್ಳುತ್ತದೆ. ಮುಂದಿನ ಸಿಲಿಂಡರಿನಲ್ಲಿ ಇನ್ನೊಂದು ಮುಖಕ್ಕೆ ಅಚ್ಚು ಬೀಳುವಾಗ, ಈಗ ತಾನೇ ಅಚ್ಚಾದ ಹಸಿ ಮುಖ ಬ್ಲಾಂಕೆಟ್ಟಿನ ಕಡೆಗೆ ಇರುತ್ತದೆ. ಅಲ್ಲಿ ಒತ್ತಡವೂ ಜೋರು. ಸ್ವಲ್ಪ ಇಂಕು ಬ್ಲಾಂಕೆಟ್ಟಿಗೆ ಅಂಟುತ್ತದೆ, ಉಲ್ಟಾ ಆಗಿ. ಸಿಲಿಂಡರು ಸುತ್ತಿ ಬಂದಾಗ ಅದೇ ಇಂಕು ಮುಂದಿನ ಪ್ರತಿಗೆ ದಾಟುತ್ತದೆ, ಮತ್ತೆ ಸೀದಾ ಆಗಿ. ಒಂದೇ ಪುಟ ಓಡುತ್ತಿರುವಷ್ಟು ಹೊತ್ತು ಇದು ಕಣ್ಣಿಗೆ ಬೀಳುವುದೇ ಇಲ್ಲ. ಅಕ್ಷರದ ಮೇಲೆ ಅದೇ ಅಕ್ಷರ ಬೀಳುತ್ತದಲ್ಲ. ಕಾಗದದ ಬಿಗಿ ಸ್ವಲ್ಪ ಹೆಚ್ಚುಕಡಿಮೆ ಆದರೆ ಅಕ್ಷರಕ್ಕೆ ನೆರಳು ಬಂದ ಹಾಗೆ ಕಾಣುತ್ತದೆ, ಅಷ್ಟೇ. ಪ್ಲೇಟು ಬದಲಾಯಿಸಿದಾಗ ಗುಟ್ಟು ಬಯಲಾಗುತ್ತದೆ.

ಕಲೆ ಉಲ್ಟಾ ಇದ್ದರೆ ಹುಡುಕುವ ಜಾಗವೇ ಬೇರೆ. ಹಸಿ ಮುಖ ನೇರವಾಗಿ ಇನ್ನೊಂದು ಕಾಗದಕ್ಕೆ ಒತ್ತಿದೆ ಅಂತ ಅರ್ಥ. ಮಡಿಕೆಯಲ್ಲಿರಬಹುದು, ಬಂಡಲ್ ಕಟ್ಟುವಾಗ ಇರಬಹುದು. ಅಕ್ಷರವೇ ಇಲ್ಲದೆ ಬರೀ ಗೀರು, ಪಟ್ಟೆ ಇದ್ದರೆ ಯಾವುದೋ ಕಬ್ಬಿಣಕ್ಕೆ ಉಜ್ಜಿದೆ. ನಮ್ಮ ಫೋಲ್ಡರಿನ ಹತ್ತಿರ ಕಾಗದ ಎಳೆಯುವ ಸಣ್ಣ ಚಕ್ರಗಳಿದ್ದವು. ಅವು ಎರಡು ಪುಟದ ನಡುವಿನ ಬಿಳಿ ಅಂಚಿನ ಮೇಲೇ ಓಡಬೇಕು. ಅರ್ಧ ಇಂಚು ಸರಿದರೂ ಒಂದು ಕಾಲಂ ಉದ್ದಕ್ಕೂ ಕಪ್ಪು ಪಟ್ಟೆ. ಒಂದು ಸಲ ಆ ಪಟ್ಟೆ ಶ್ರದ್ಧಾಂಜಲಿ ಜಾಹೀರಾತಿನ ಫೋಟೊ ಮೇಲೆ ಹಾದು ಹೋಗಿತ್ತು. ಆ ಮನೆಯವರ ಮುಂದೆ ನಿಂತು ಉತ್ತರ ಹೇಳಿದ ಜಾಹೀರಾತು ವಿಭಾಗದವರು ಆಮೇಲೆ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಮಷೀನಿನ ಬಗ್ಗೆ ಹುಚ್ಚು ಹಿಡಿದಿದ್ದು ಆ ರಾತ್ರಿಯಿಂದಲೇ. ರಜಾ ದಿನ ಲೈಬ್ರರಿಯಲ್ಲಿ ಕೂತು ಹಳೇ ಮುದ್ರಣದ ಪುಸ್ತಕ ತಿರುವಿ ಹಾಕಿದೆ. ನಾನು ಪರದಾಡಿದ ವಿಷಯಕ್ಕೇ ನೂರು ವರ್ಷದ ಹಿಂದೆ ಲಂಡನ್ನಿನವರು, ಫಿಲಡೆಲ್ಫಿಯಾದವರು ಪರದಾಡಿದ್ದರು ಅಂತ ಗೊತ್ತಾಗಿ ಸ್ವಲ್ಪ ಸಮಾಧಾನವೂ ಆಯಿತು.

ಮಜಾ ಏನೆಂದರೆ, ಮೊದಮೊದಲ ವೇಗದ ಮಷೀನುಗಳಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. 1814ರ ನವೆಂಬರ್ 29ರಂದು ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆ ಕೋನಿಗ್ ಕಟ್ಟಿದ ಉಗಿ ಮಷೀನಿನಲ್ಲಿ ಅಚ್ಚಾಯಿತು. ಗಂಟೆಗೆ ಸುಮಾರು 1,100 ಹಾಳೆ, ಅದೂ ಒಂದೇ ಮುಖ. 1847ರಲ್ಲಿ ಫಿಲಡೆಲ್ಫಿಯಾದ 'ಪಬ್ಲಿಕ್ ಲೆಡ್ಜರ್' ಪತ್ರಿಕೆಗೆ ರಿಚರ್ಡ್ ಹೋ ಅವರ ರೋಟರಿ ಬಂತು. ಮಾರನೇ ವರ್ಷ 'ಟೈಮ್ಸ್'ಗೆ ಆಪಲ್‌ಗಾತ್ ಅವರ ನಿಂತ ಸಿಲಿಂಡರಿನ ದೊಡ್ಡ ಮಷೀನು ಬಂತು. ಎರಡಕ್ಕೂ ಜನ ನಿಂತು ಬಿಡಿ ಹಾಳೆ ಕೊಡಬೇಕಿತ್ತು, ಎರಡೂ ಒಂದೊಂದೇ ಮುಖ ಅಚ್ಚು ಹಾಕುತ್ತಿದ್ದವು. ಒಂದು ಮುಖ ಮುಗಿಸಿ ರಾಶಿ ಹಾಕಿ, ಆಮೇಲೆ ತಿರುಗಿಸಿ ಕೊಡುವುದು. ನಡುವೆ ಇಂಕಿಗೆ ಉಸಿರಾಡಲು ಸಮಯ ಸಿಗುತ್ತಿತ್ತು.

ಆ ಸಮಯವನ್ನು ಕಿತ್ತುಕೊಂಡವರು ವಿಲಿಯಂ ಬುಲಕ್. ರೀಲು ಕಾಗದ ಹಾಕಿ ಒಂದೇ ಓಟದಲ್ಲಿ ಎರಡೂ ಮುಖ ಅಚ್ಚು ಹಾಕುವ ಅವರ ಮಷೀನು 1865ರಲ್ಲಿ 'ಫಿಲಡೆಲ್ಫಿಯಾ ಇನ್‌ಕ್ವೈರರ್' ಪತ್ರಿಕೆಗೆ ಓಡಿತು. ಪಾಪ, ಅವರ ಕಥೆ ಕೇಳಿದರೆ ಈಗಲೂ ಮೈ ಝುಂ ಅನ್ನುತ್ತದೆ. 1867ರಲ್ಲಿ ತಮ್ಮದೇ ಮಷೀನಿನ ಬೆಲ್ಟನ್ನು ಕಾಲಲ್ಲಿ ಒದ್ದು ರಾಟೆಗೆ ಕೂರಿಸಲು ಹೋದರು. ಕಾಲು ಒಳಗೆ ಸಿಕ್ಕಿತು, ಗ್ಯಾಂಗ್ರೀನ್ ಆಯಿತು. ಏಪ್ರಿಲ್ 12ರಂದು ಕಾಲು ತೆಗೆಯುವ ಆಪರೇಷನ್ನಿನಲ್ಲೇ ತೀರಿಕೊಂಡರು. ಓಡುವ ಬೆಲ್ಟಿನ ಹತ್ತಿರ ಕಾಲು ತಂದವನಿಗೆ ನಮ್ಮ ಮೇಸ್ತ್ರಿ ಬೆನ್ನಿಗೆ ಒಂದು ಬಿಡುತ್ತಿದ್ದರು. ಬುಲಕ್ ಹೆಸರು ಅವರು ಕೇಳಿರಲಿಲ್ಲ ಅನ್ನಿಸುತ್ತದೆ. ಬೇರೆ ಎಷ್ಟೋ ಕಾಲು ಕಂಡಿದ್ದರು.

ಸಮಯ ಎಷ್ಟು ಕಡಿಮೆ ಅಂತ ನಮ್ಮ ಮಷೀನಿನ ಲೆಕ್ಕದಲ್ಲೇ ಹೇಳುತ್ತೇನೆ. ಗಂಟೆಗೆ 18 ಸಾವಿರ ಪ್ರತಿ ಅಂದರೆ ಸೆಕೆಂಡಿಗೆ 5. ಒಂದು ಪ್ರತಿಯ ಉದ್ದ ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ಹತ್ತಿರ ಹತ್ತಿರ 3 ಮೀಟರ್ ಕಾಗದ ಒಂದು ಸೆಕೆಂಡಿನಲ್ಲಿ ಹೋಗುತ್ತದೆ. ಮೊದಲ ಅಚ್ಚಿನಿಂದ ಎರಡನೇ ಅಚ್ಚಿಗೆ ಇರುವ ದಾರಿ ಒಂದು ಮೀಟರಿನಷ್ಟು. ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಯಾವ ಇಂಕು ತಾನೇ ಒಣಗೀತು? ಅದರ ಮೇಲೆ ಬುಲಕ್ ಕಾಲದಲ್ಲಿ ಕಾಗದವನ್ನೂ ಒದ್ದೆ ಮಾಡುತ್ತಿದ್ದರು. ಒದ್ದೆ ಕಾಗದ ಮೆತ್ತಗಾಗಿ ಇಂಕು ಚೆನ್ನಾಗಿ ಹಿಡಿಯುತ್ತದೆ ಅಂತ. 'ಟೈಮ್ಸ್'ನವರು 1860ರ ದಶಕದ ಕೊನೆಗೆ ತಾವೇ ಕಟ್ಟಿಕೊಂಡ ವಾಲ್ಟರ್ ಪ್ರೆಸ್ಸಿನಲ್ಲೂ ಕಾಗದ ಮೊದಲು ನೀರು ಕುಡಿದೇ ಮುಂದೆ ಹೋಗುತ್ತಿತ್ತು.

ಹಾಗಾಗಿ ಒಣಗಿಸುವ ಆಸೆಯನ್ನೇ ಬಿಟ್ಟು ಆ ಕಾಲದ ಮುದ್ರಕರು ಬೇರೆ ದಾರಿ ಹಿಡಿದರು. ಹಸಿ ಮುಖ ತಾಗುವ ಜಾಗವನ್ನು ನೋಡಿಕೊಂಡರು. ಪುಸ್ತಕ, ಮಾಸಪತ್ರಿಕೆ ಅಚ್ಚು ಹಾಕುವ ಮಷೀನುಗಳಲ್ಲಿ ಎರಡನೇ ಸಿಲಿಂಡರಿನ ಮೇಲೆ ಇನ್ನೊಂದು ಕಾಗದವನ್ನೋ ಬಟ್ಟೆಯನ್ನೋ ಸುತ್ತಿ, ಅದು ಮೆಲ್ಲಗೆ ಸರಿಯುವ ಹಾಗೆ ಮಾಡಿದರು. ಕಲೆ ಅದಕ್ಕೆ ಹತ್ತುತ್ತದೆ, ಹತ್ತಿದ ಜಾಗ ಮುಂದಕ್ಕೆ ಹೋಗುತ್ತದೆ, ಹೊಸ ಜಾಗ ಬರುತ್ತದೆ. ಊಟಕ್ಕೆ ಕೂತವರ ಮುಂದೆ ಎಲೆ ಬದಲಾಯಿಸಿದ ಹಾಗೆ. ಬಿಡಿ ಹಾಳೆಯ ಮಷೀನುಗಳಲ್ಲಿ ಪ್ರತಿ ಹಾಳೆಯ ಜೊತೆ ಒಂದು ರದ್ದಿ ಹಾಳೆ ಸೇರಿಸಿ ಕೊಡುವವರೂ ಇದ್ದರು. ಇನ್ನು ಕೆಲವರು ಸಿಲಿಂಡರಿನ ಮೇಲ್ಹೊದಿಕೆಗೆ ಎಣ್ಣೆಯನ್ನೋ ಗ್ಲಿಸರಿನನ್ನೋ ಸವರುತ್ತಿದ್ದರು. ಅದರ ಮೇಲೆ ಇಂಕು ಗಟ್ಟಿಯಾಗಿ ಕೂರುವುದಿಲ್ಲ. ನಮ್ಮ ಮೇಸ್ತ್ರಿಯ ಮೂಲೆಯಲ್ಲೂ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇತ್ತು, ಒಳಗೆ ಗ್ಲಿಸರಿನ್. ನಾನು ಅದನ್ನು ಅವರ ಕೈ ಒಡೆತಕ್ಕೆ ಅಂದುಕೊಂಡಿದ್ದೆ!

ಇಂಕೂ ಬದಲಾಯಿತು, ನಿಜ. ಪುಸ್ತಕಕ್ಕೆ ಬಳಸುವ ಇಂಕಿನಲ್ಲಿ ಅಗಸೆ ಎಣ್ಣೆ ಇರುತ್ತದೆ. ಅದು ಗಾಳಿ ತಗುಲಿ ಗಟ್ಟಿಯಾಗುತ್ತದೆ, ಗಂಟೆಗಟ್ಟಲೆ ಬೇಕು. ಪತ್ರಿಕೆಯ ಕಪ್ಪು ಇಂಕು ಹಾಗಲ್ಲ. ಅದು ಮಸಿ ಮತ್ತು ಖನಿಜ ಎಣ್ಣೆ. ಎಣ್ಣೆಯನ್ನು ನ್ಯೂಸ್‌ಪ್ರಿಂಟ್ ಕಾಗದ ಹೀರಿಕೊಳ್ಳುತ್ತದೆ, ಮಸಿ ಮೇಲೆ ಉಳಿಯುತ್ತದೆ. ನಿಜವಾಗಿ ಒಣಗುವುದು ಅಂತ ಇಲ್ಲವೇ ಇಲ್ಲ. ಬೆಳಗ್ಗೆ ಪೇಪರ್ ಓದಿದ ಮೇಲೆ ಅಪ್ಪನ ಹೆಬ್ಬೆರಳು ಕಪ್ಪಗಿರುತ್ತಿತ್ತಲ್ಲ, ಅದಕ್ಕೇ. ಹೀಗಿರುವಾಗ "ಇಂಕು ಒಣಗ್ತಾನೇ ಇಲ್ಲ" ಅಂತ ನಾನು ದೂರು ಹೇಳಿದ್ದು ನೆನೆದರೆ ನಗು ಬರುತ್ತದೆ.

ಈ ತಪ್ಪು ಜಾಗಕ್ಕೆ ಬೀಳುವ ಅಚ್ಚಿನಿಂದ ಒಬ್ಬರಿಗೆ ಅದೃಷ್ಟವೂ ಖುಲಾಯಿಸಿತು. 1904ರ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಐರಾ ರುಬೆಲ್ ಅನ್ನುವವರು ಲಿಥೊ (ಚಪ್ಪಟೆ ಕಲ್ಲು ಅಥವಾ ಲೋಹದ ಫಲಕದಿಂದ ಅಚ್ಚು ಹಾಕುವ) ಮಷೀನು ಓಡಿಸುತ್ತಿದ್ದರು. ಒಂದು ಸಲ ಹಾಳೆ ಕೊಡುವುದು ತಪ್ಪಿತು. ಅಚ್ಚು ಸಿಲಿಂಡರಿನ ರಬ್ಬರಿಗೆ ಬಿತ್ತು. ಮುಂದಿನ ಹಾಳೆಯ ಬೆನ್ನಿಗೆ ಆ ರಬ್ಬರಿನಿಂದ ಇನ್ನೊಂದು ಅಚ್ಚು ಬಂತು. ನಾವಾಗಿದ್ದರೆ ಬೈದುಕೊಂಡು ಹಾಳೆ ಬಿಸಾಡುತ್ತಿದ್ದೆವು. ಅವರು ನೋಡಿದರು, ರಬ್ಬರಿನಿಂದ ಬಂದ ಅಚ್ಚೇ ಹೆಚ್ಚು ಸ್ಪಷ್ಟವಾಗಿತ್ತು. ಅದನ್ನೇ ಹಿಡಿದು ಕಟ್ಟಿದ್ದು ಆಫ್‌ಸೆಟ್ ಮಷೀನು. ಮುಂದೆ ನಮ್ಮ ರೋಟರಿಯನ್ನು ಗುಜರಿಗೆ ಕಳಿಸಿದ್ದೂ ಅದೇ.

ರೋಟರಿ ಹೋದ ಮೇಲೆ ನಾನು ಒಂದು ಆಫ್‌ಸೆಟ್ ಪ್ರೆಸ್ಸಿಗೆ ಸೇರಿದೆ. ಕ್ಯಾಲೆಂಡರ್, ಲಗ್ನಪತ್ರಿಕೆ, ಪುಸ್ತಕದ ರಕ್ಷಾಪುಟ. ಇಲ್ಲಿ ಕಾಗದ ನುಣುಪು, ಇಂಕು ಹೀರುವುದಿಲ್ಲ. ಹಾಳೆಯ ಮೇಲೆ ಹಾಳೆ ಬೀಳುವಾಗ ನಡುವೆ ಸ್ವಲ್ಪ ಸಂದು ಇರಲಿ ಅಂತ ಪುಡಿ ಎರಚುತ್ತೇವೆ. ಜೋಳದ ಪಿಷ್ಟವೋ, ಸುಣ್ಣದ ಜಾತಿಯ ಪುಡಿಯೋ ಇರುತ್ತದೆ. ಬಹಳ ಸಣ್ಣದು, ಆದರೂ ಮೇಲಿನ ಹಾಳೆಯನ್ನು ಎತ್ತಿ ಹಿಡಿಯುತ್ತದೆ.

ಒಂದು ಡಿಸೆಂಬರ್. ಕ್ಯಾಲೆಂಡರಿನ ಹಾಳೆಗಳಲ್ಲಿ ಉಲ್ಟಾ ಕಲೆ ಶುರುವಾಯಿತು. ಹುಡುಗರು ಪುಡಿ ಜಾಸ್ತಿ ಮಾಡಿದರು. ಕಲೆ ಹೋಗಲಿಲ್ಲ. ಇನ್ನೂ ಜಾಸ್ತಿ ಮಾಡಿದರು. ಹಾಳೆ ಕೈಗೆ ಮರಳುಕಾಗದದ ಹಾಗೆ ಸಿಗತೊಡಗಿತು, ಮಷೀನ್‌ಮ್ಯಾನಿಗೆ ಸೀನು ಹತ್ತಿತು, ಲ್ಯಾಮಿನೇಷನ್ ಮಾಡುವವನು ಫಿಲಂ ಅಂಟುತ್ತಿಲ್ಲ ಅಂತ ಹಾಳೆ ವಾಪಸ್ ಕಳಿಸಿದ. ಮಾಲೀಕರು ಇಂಕು ಕಂಪನಿಯವರನ್ನು ಕರೆಸುವ ಮಾತಾಡುತ್ತಿದ್ದರು.

ನಾನು ಇಪ್ಪತ್ತು ಹಾಳೆ ತೆಗೆದು ಟೇಬಲ್ ಮೇಲೆ ಹರಡಿದೆ. ಕಲೆ ಉಲ್ಟಾ, ಸರಿ. ಆದರೆ ಹಾಳೆ ಪೂರ್ತಿ ಇರಲಿಲ್ಲ. ಒಂದು ಅಂಚಿನ ಪಕ್ಕದಲ್ಲಿ, ನಾಲ್ಕು ಬೆರಳು ಅಗಲದ ಪಟ್ಟಿಯಲ್ಲಿ ಮಾತ್ರ ಇತ್ತು. ಆ ಪಟ್ಟಿಯ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿತ್ತು. ರಾಶಿಯ ಭಾರದಿಂದ ಬಂದಿದ್ದರೆ ಇಷ್ಟು ನೆಟ್ಟಗೆ ಇರುತ್ತಿರಲಿಲ್ಲ, ಅಲ್ವಾ? ಕಟಿಂಗ್ ಮಷೀನಿನ ಹತ್ತಿರ ಹೋಗಿ, ಹಾಳೆಗಳನ್ನು ಅದುಮಿ ಹಿಡಿಯುವ ಕ್ಲಾಂಪಿನ ಅಗಲ ಅಳೆದೆ. ನಾಲ್ಕು ಬೆರಳು.

ತುರ್ತು ಅಂತ ರಾತ್ರಿ ಅಚ್ಚಾದ ಹಾಳೆಗಳನ್ನು ಬೆಳಗ್ಗೆಯೇ ಕಟಿಂಗಿಗೆ ತಳ್ಳಿದ್ದರು. ಮೇಲೆ ಮುಟ್ಟಿದರೆ ಒಣಗಿದ ಹಾಗೇ ಇತ್ತು. ಕ್ಲಾಂಪು ಟನ್ನುಗಟ್ಟಲೆ ಒತ್ತಿದಾಗ ಒಳಗಿನ ಹಸಿ ಎದುರಿನ ಹಾಳೆಗೆ ದಾಟಿತ್ತು. ನಮ್ಮ ಪ್ರಿಂಟಿಂಗ್ ಮಷೀನಿನದು ಏನೂ ತಪ್ಪಿರಲಿಲ್ಲ. ಪುಡಿಯನ್ನು ಮೊದಲಿನ ಅಳತೆಗೆ ಇಳಿಸಿದೆವು. ಹಾಳೆ ರಾಶಿಗಳನ್ನು ಗಿಡ್ಡ ಮಾಡಿ ಒಂದು ದಿನ ಪೂರ್ತಿ ಬಿಟ್ಟೆವು. ಕ್ಲಾಂಪಿನ ಒತ್ತಡ ತಗ್ಗಿಸಿ, ಒಂದೊಂದು ಸಲಕ್ಕೆ ಕತ್ತರಿಸುವ ಹಾಳೆ ಕಡಿಮೆ ಮಾಡಿದೆವು. ಒಂದು ದಿನ ಬಿಡಲು ಮಾಲೀಕರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಕಲೆ ಬಿದ್ದ ಹಾಳೆಗಳನ್ನು ಅವರೇ ಕೈಯಲ್ಲಿ ಎಣಿಸಿದ ಮೇಲೆ ಸುಮ್ಮನಾದರು.

ಕ್ಯಾಲೆಂಡರ್ ಡಿಸೆಂಬರ್ ಮುಗಿಯುವುದರೊಳಗೆ ಹೋಯಿತು. ಎರಡು ದಿನ ಬಿಟ್ಟು ಗಿರಾಕಿ ಮತ್ತೆ ಬಂದರು. ನಾನು ಎದೆ ಗಟ್ಟಿ ಮಾಡಿಕೊಂಡು ಎದ್ದು ನಿಂತೆ. ಅವರು ಜನವರಿ ಪುಟ ಬಿಚ್ಚಿ ತೋರಿಸಿದರು. ಅಮಾವಾಸ್ಯೆ ಒಂದು ದಿನ ಹಿಂದೆ ಬಿದ್ದಿತ್ತು. ಅಬ್ಬ, ಅದು ಪ್ರೂಫ್ ನೋಡಿದವರ ಟೇಬಲ್ಲಿನ ವಿಷಯ. ನಾನು ಟೀ ತರಿಸಿ ಕೊಟ್ಟು ಮೆಲ್ಲಗೆ ಮಷೀನ್ ಕಡೆ ನಡೆದೆ.