ಮೂರನೇ ಸೀಲು

ಬೆಳಿಗ್ಗೆ ಎದ್ದ ಕೂಡಲೇ ಗಾಡಿಯ ಕೆಳಗೆ ಬಗ್ಗಿ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ರಾತ್ರಿ ನಿಲ್ಲಿಸುವಾಗ ಅಡಿಗೆ ರಟ್ಟಿನ ತುಂಡುಗಳನ್ನು ಹಾಸಿರುತ್ತೇನೆ. ಇಂಜಿನ್ ಕೆಳಗೊಂದು, ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸ್ (ಇಂಜಿನ್ ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗೆ ಹಂಚುವ ಪೆಟ್ಟಿಗೆ) ಕೆಳಗೊಂದು, ಹಿಂದಿನ ಆಕ್ಸಲ್‌ಗೆ ಉದ್ದಕ್ಕೆ ಇನ್ನೊಂದು. ಕಪ್ಪಗೆ ತೆಳುವಾಗಿ ಹರಡಿದ್ದರೆ ಇಂಜಿನ್ ಆಯಿಲ್. ದಪ್ಪಗಿದ್ದು ಗಂಧಕದ ನಾತ ಹೊಡೆದರೆ ಗೇರ್ ಆಯಿಲ್. ಆ ಶನಿವಾರ ಬೆಳಿಗ್ಗೆ ಹಿಂದಿನ ರಟ್ಟಿನ ಎಡತುದಿಯಲ್ಲಿ ಅಂಗೈಯಗಲದ ಕಲೆ ಇತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಗಂಧಕ.

ಅಲ್ಲಿನ ಆಯಿಲ್ ಸೀಲ್, ಅಂದರೆ ಚಕ್ರ ತಿರುಗಿಸುವ ಶಾಫ್ಟ್ ಸುತ್ತ ಕೂತು ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆ, ಬದಲಿಸಿ ಹದಿನೆಂಟು ದಿನ ಆಗಿತ್ತು ಅಷ್ಟೆ. ಅದೂ ಎರಡನೇ ಸಲ.

ಗಾಡಿಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೂವತ್ತು ದಾಟಿದ ಡೀಸೆಲ್ ಫೋರ್ ವೀಲ್ ಡ್ರೈವ್. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕೂ ಚಕ್ರಕ್ಕೆ ಲೀಫ್ ಸ್ಪ್ರಿಂಗ್, ಹಿಂದೆ ಡ್ರಮ್ ಬ್ರೇಕ್. ನಾನು ತಗೊಂಡಾಗ ಓಡುತ್ತಿತ್ತು, ಆದರೆ ಹೇಗೋ ಓಡುತ್ತಿತ್ತು. ಚಾಸಿಸ್ ಉದ್ದಕ್ಕೂ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದೆ. ಒಳ್ಳೆ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದಿದ್ದು ದಬ್ ಅನ್ನುತ್ತದೆ. ಎರಡು ಕಡೆ ದಬ್ ಅಂದಿತು. ಮೂರನೇ ಕಡೆ ಸುತ್ತಿಗೆಯೇ ಒಳಗೆ ಹೋಯಿತು. ಅಲ್ಲೆಲ್ಲ ಕತ್ತರಿಸಿ ಹೊಸ ಪ್ಲೇಟ್ ವೆಲ್ಡ್ ಮಾಡಿಸಿ, ಆಕ್ಸಲ್‌ಗಳನ್ನು ಕೆಳಗಿಳಿಸಿ, ವೈರ್ ಬ್ರಷ್‌ನಲ್ಲಿ ಉಜ್ಜಿ, ದಪ್ಪ ಕಪ್ಪು ಚಾಸಿಸ್ ಪೇಂಟ್ ಹೊಡೆದೆ. ಎರಡು ಕೋಟು, ಒಂದು ಚೂರೂ ಬಿಡದ ಹಾಗೆ. ಒಟ್ಟು ಹತ್ತು ತಿಂಗಳು ಹಿಡಿಯಿತು. ನೋಡಿದವರೆಲ್ಲ ಆ ಪೇಂಟನ್ನೇ ಹೊಗಳುತ್ತಿದ್ದರು. ನನಗೂ ಅದರ ಮೇಲೆ ಬಹಳ ಹೆಮ್ಮೆ.

ಗಾಡಿ ರಸ್ತೆಗಿಳಿದ ಎರಡನೇ ವಾರ ಬ್ರೇಕ್ ಒತ್ತಿದರೆ ಬಲಕ್ಕೆ ಎಳೆಯಲು ಶುರು ಮಾಡಿತು. ಎಡ ಹಿಂದಿನ ಚಕ್ರದ ಒಳಬದಿಯಲ್ಲಿ ಎಣ್ಣೆ ಇಳಿದ ಗೆರೆಗಳು. ಡ್ರಮ್ ತೆಗೆದರೆ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಎರಡೂ ಗೇರ್ ಆಯಿಲ್‌ನಲ್ಲಿ ಮಿಂದು ಕೂತಿದ್ದವು. ಎಣ್ಣೆ ಕುಡಿದ ಲೈನರನ್ನು (ಶೂ ಮೇಲಿನ ಉಜ್ಜುವ ಪಟ್ಟಿ) ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವವರಿದ್ದಾರೆ. ತಣ್ಣಗಿರುವಾಗ ಹಿಡಿಯುತ್ತದೆ, ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮೇಲೆ ಬರುತ್ತದೆ. ನಾನು ಎರಡೂ ಚಕ್ರಕ್ಕೆ ಹೊಸ ಶೂ ಹಾಕಿದೆ. ಒಂದೇ ಕಡೆ ಬದಲಿಸಿದರೆ ಎಳೆತ ನಿಲ್ಲುವುದಿಲ್ಲ. (ಹಳೆ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಬಾಯಿಂದ ಊದುವ ಚಾಳಿ ಇದ್ದರೆ ಇವತ್ತೇ ಬಿಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ.)

ಸೀಲ್ ಬದಲಿಸಬೇಕಾದರೆ ಆಕ್ಸಲ್ ಶಾಫ್ಟ್ ಹೊರಗೆ ಬರಬೇಕು. ನಾಲ್ಕು ಬೋಲ್ಟ್ ಬಿಚ್ಚಿದ ಮಾತ್ರಕ್ಕೆ ಬರುವುದಿಲ್ಲ, ಬೇರಿಂಗ್ ಕಚ್ಚಿಕೊಂಡು ಕೂತಿರುತ್ತದೆ. ಅದಕ್ಕೊಂದು ಹಳೆ ಉಪಾಯ ಇದೆ. ಡ್ರಮ್ಮನ್ನೇ ಉಲ್ಟಾ ಮಾಡಿ ಸ್ಟಡ್‌ಗಳಿಗೆ ಹಾಕಬೇಕು. ವೀಲ್ ನಟ್‌ಗಳನ್ನು ಪೂರ್ತಿ ಬಿಗಿಯದೆ ತುದಿಯಲ್ಲಿ ಮಾತ್ರ ಕೂರಿಸಬೇಕು. ಆಮೇಲೆ ಡ್ರಮ್ಮನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಕಡೆಗೆ ರಪ್ ಅಂತ ಎಳೆಯಬೇಕು. ಡ್ರಮ್ ಬಂದು ನಟ್‌ಗಳಿಗೆ ಬಡಿದಾಗಲೆಲ್ಲ ಶಾಫ್ಟ್ ಒಂದಿಷ್ಟು ಜಗ್ಗುತ್ತದೆ. ಮೊದಲ ಸಲ ಅದು ಬಂದಾಗ ನಾನೂ ಅದರ ಜೊತೆಗೇ ಹಿಂದಕ್ಕೆ ಬಿದ್ದೆ.

ಹೊರಬಂದ ಸೀಲ್ ಕಲ್ಲಿನ ಹಾಗಾಗಿತ್ತು. ಗಾಡಿ ಬಿಚ್ಚಿದ್ದಾಗ ಯಾಕೆ ಬದಲಿಸಿರಲಿಲ್ಲ ಅಂತ ಕೇಳಬಹುದು. ಆಗ ಅದು ಸೋರುತ್ತಿರಲಿಲ್ಲ. ಸೋರದಿದ್ದನ್ನು ಯಾಕೆ ಮುಟ್ಟಬೇಕು ಅಂತ ಬಿಟ್ಟಿದ್ದೆ. ಈ ಮಾತನ್ನು ನಾನೇ ನಾಲ್ಕು ಜನರಿಗೆ ಹೇಳಿದ್ದೇನೆ, ಆದರೆ ಅದರ ಅರ್ಥ ಮಾತ್ರ ತಲೆಗೆ ಹೋಗಿರಲಿಲ್ಲ.

ಎರಡನೇ ಸಲ ಸೋರಿದಾಗ ಶಾಫ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ಸೀಲಿನ ತುಟಿ ಇಷ್ಟು ವರ್ಷ ಉಜ್ಜಿದ ಜಾಗದಲ್ಲಿ ಗೆರೆ ಬಿದ್ದಿತ್ತು. ಉಗುರು ಎಳೆದರೆ ಸಿಕ್ಕಿಕೊಳ್ಳುವಷ್ಟು. ಆಹಾ, ಕಳ್ಳ ಸಿಕ್ಕಿದ ಅಂದುಕೊಂಡೆ. ಹೊಸ ಸೀಲನ್ನು ಎರಡು ಮಿಲಿಮೀಟರ್ ಒಳಗೆ ಕೂರಿಸಿದರೆ ತುಟಿ ಸವೆಯದ ಜಾಗದ ಮೇಲೆ ಓಡುತ್ತದೆ. ಹಾಗೇ ಮಾಡಿದೆ. ಒಳ್ಳೆ ರಿಪೇರಿಯೇ. ಬರೀ ಹದಿನೆಂಟು ದಿನ ಬಂತು.

ಹೋಗಲಿ, ಈಗ ಆ ಶನಿವಾರಕ್ಕೆ ಬರುತ್ತೇನೆ. ಒಂದು ವಾರದ ಹಿಂದೆ ಈ ಗಾಡಿಯಲ್ಲೇ ಚಕ್ರದ ನಡುಭಾಗಕ್ಕೆ ಬರುವಷ್ಟು ನೀರಿನಲ್ಲಿ ಹಳ್ಳ ದಾಟಿದ್ದೆ. ಆದ್ದರಿಂದ ಈ ಸಲ ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿ ಬೇರೆ ಬೇರೆ ವೇಗದಲ್ಲಿ ಓಡಲು ಬಿಡುವ ಗೇರುಗಳ ಗುಂಪು) ಎಣ್ಣೆಯನ್ನೂ ಪೂರ್ತಿ ಬದಲಿಸೋಣ ಅಂದುಕೊಂಡೆ. ದಪ್ಪ ಎಣ್ಣೆ ಬಿಸಿ ಇದ್ದಾಗಲೇ ಚೆನ್ನಾಗಿ ಇಳಿಯುವುದು. ಸೋರುವ ಆಕ್ಸಲ್ಲಿನ ಗಾಡಿಯಾದ್ದರಿಂದ ನಿಧಾನವಾಗಿಯೇ ಅರ್ಧ ಗಂಟೆ ಓಡಿಸಿಕೊಂಡು ಬಂದೆ. ಅಲ್ಲೂ ಒಂದು ಎಡವಟ್ಟು. ಮಣ್ಣು ದಾರಿಯಲ್ಲಿ ಫೋರ್ ವೀಲ್ ಹಾಕಿದವನು ಡಾಂಬರಿಗೆ ಬಂದ ಮೇಲೆ ತೆಗೆಯಲು ಮರೆತೆ. ಒಂದು ಗಟ್ಟಿ ತಿರುವು ಆದ ಮೇಲೆ ಲಿವರ್ ಅಲ್ಲಾಡಲೇ ಇಲ್ಲ. ಈ ತರಹದ ಗಾಡಿಗಳಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡಬೇಕು. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವೇ ಇಲ್ಲ, ಶಾಫ್ಟುಗಳು ಹಗ್ಗ ಹುರಿ ಮಾಡಿದ ಹಾಗೆ ತಿರುಚಿಕೊಳ್ಳುತ್ತವೆ. ನಾಲ್ಕಾರು ಮೀಟರ್ ರಿವರ್ಸ್ ತೆಗೆದ ಮೇಲೆ ಟಕ್ ಅಂತ ಬಿಟ್ಟುಕೊಂಡಿತು.

ಮನೆಗೆ ಬಂದು, ಗಾಡಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗೆ ನುಸುಳಿದೆ. ಮಗಳು ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಳು. ಎಣ್ಣೆ ಬದಲಿಸುವಾಗ ಮೊದಲು ತೆಗೆಯಬೇಕಾದ್ದು ತುಂಬುವ ಪ್ಲಗ್, ಇಳಿಸುವ ಪ್ಲಗ್ ಅಲ್ಲ. ಎಣ್ಣೆ ಎಲ್ಲ ಇಳಿಸಿ ಆದ ಮೇಲೆ ಮೇಲಿನ ಪ್ಲಗ್ ತೆರೆಯುವುದೇ ಇಲ್ಲ ಅಂದರೆ ಗಾಡಿ ನಿಂತಲ್ಲೇ ನಿಂತಿತು. ಸ್ಪ್ಯಾನರ್ ಹಾಕಿ ತಿರುಗಿಸಿದೆ. ಪ್ಲಗ್ ಎರಡು ಸುತ್ತು ಸಡಿಲವಾಗಿದ್ದೇ ತಡ, ಬುಸ್ ಅಂತ ಗಾಳಿ ಹೊರಗೆ ಬಂತು. ಜೊತೆಗೆ ನನ್ನ ಕನ್ನಡಕದ ಮೇಲೆ ನಾಲ್ಕು ಹನಿ ಎಣ್ಣೆ.

"ಅಪ್ಪಾ, ಸೋಡಾ ಬಾಟ್ಲಿ ತೆಗ್ದಂಗಾಯ್ತಲ್ಲ!" ಅಂದಳು.

ನಾನು ಸುಮ್ನೆ ಹಾಗೇ ಮಲಗಿದ್ದೆ. ಈ ಬುಸ್ ನನಗೆ ಹೊಸದಲ್ಲ. ಮೊದಲನೇ ಸೀಲ್ ಹಾಕುವಾಗಲೂ ಕೇಳಿದ್ದೆ. ಪ್ಲಗ್ ಬಹಳ ಬಿಗಿಯಾಗಿತ್ತು, ಅದಕ್ಕೇ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

ಕೆಳಗಿನ ಪ್ಲಗ್ ತೆಗೆದರೆ ಬಂದದ್ದು ಬೂದು ಬಣ್ಣದ ಎಣ್ಣೆ, ಹಾಲು ಬೆರೆಸಿದ ಹಾಗೆ. ನೀರು ಸೇರಿತ್ತು. ಹೊರಗಿನ ನೀರು ಒಳಗೆ, ಒಳಗಿನ ಎಣ್ಣೆ ಹೊರಗೆ. ಒಂದೇ ಸೀಲು ಎರಡೂ ಕಡೆ ಯಾಕೆ ಬಾಗಿಲು ತೆರೆಯಬೇಕು?

ಆಕ್ಸಲ್ ಕೇಸಿಂಗ್ ಮೇಲೆ ಒಂದು ಬ್ರೀದರ್ ಇರುತ್ತದೆ. ಅಂಗಿ ಗುಂಡಿ ಗಾತ್ರದ ಟೋಪಿ, ಕೆಳಗೊಂದು ಸಣ್ಣ ತೂತು. ಗೇರುಗಳು ಉಜ್ಜಿ ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗೆ ಹೋಗಬೇಕು, ತಣ್ಣಗಾದಾಗ ಅಲ್ಲಿಂದಲೇ ವಾಪಸ್ ಬರಬೇಕು. ಆ ತೂತು ಮುಚ್ಚಿದರೆ 25 ಡಿಗ್ರಿಯಲ್ಲಿದ್ದ ಗಾಳಿ 85 ಡಿಗ್ರಿಗೆ ಹೋದಾಗ ಒತ್ತಡ ಐದರಲ್ಲಿ ಒಂದು ಪಾಲು ಏರುತ್ತದೆ. ಕೇಳಲು ಸಣ್ಣದು. ಆದರೆ ಅದಕ್ಕೆ ಬೇಕಾಗಿರುವುದು ಎಲ್ಲಾದರೂ ಒಂದು ಸಡಿಲ ಜಾಗ, ನಮ್ಮ ಎಡಗಡೆ ಶಾಫ್ಟ್ ಮೊದಲೇ ಸವೆದಿತ್ತು. ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಇದೇ ಕಥೆ ಉಲ್ಟಾ. ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ.

ಬ್ರೀದರ್ ಇರುವ ಜಾಗಕ್ಕೆ ಕಣ್ಣು ಹೋಗುವುದಿಲ್ಲ. ಮೇಲೆ ಚಾಸಿಸ್ ಅಡ್ಡಿ, ಪಕ್ಕದಲ್ಲಿ ಬ್ರೇಕ್ ಪೈಪು. ಕೈ ತೂರಿಸಿ ತಡಕಿದೆ. ಹೆಬ್ಬೆರಳಿಗೆ ಒಂದು ಗುಬುಟು ಸಿಕ್ಕಿತು. ಟೋಪಿಯ ಅಂಚು ಸಿಗಲಿಲ್ಲ, ಸಂದಿ ಸಿಗಲಿಲ್ಲ, ತಿರುಗಲೂ ಇಲ್ಲ. ನುಣ್ಣಗೆ, ಕೇಸಿಂಗ್ ಜೊತೆ ಒಂದೇ ಆಗಿಬಿಟ್ಟಿತ್ತು. ಚಾಕುವಿನ ಮೊನೆಯಲ್ಲಿ ಕೆರೆದೆ. ಚರ್ಮದ ಹಾಗೆ ಎದ್ದು ಬಂದ ಕಪ್ಪು ಚೂರೊಂದು ನನ್ನ ಎದೆ ಮೇಲೆ ಬಿತ್ತು. ಮಗಳು ಅದನ್ನು ಎತ್ತಿ ಟಾರ್ಚ್ ಬೆಳಕಿಗೆ ಹಿಡಿದಳು.

"ಅಪ್ಪಾ, ಇದು ನೀನೇ ಹೊಡ್ದ ಪೇಂಟ್ ಅಲ್ವಾ?"

ಎರಡು ಕೋಟು. ಒಂದು ಚೂರೂ ಬಿಡದ ಹಾಗೆ.

ಫೋನಿನಲ್ಲಿ ಗಾಡಿ ಬಿಚ್ಚುವ ಮೊದಲು ತೆಗೆದ ಫೋಟೋಗಳಿದ್ದವು. ಹುಡುಕಿದೆ. ತುಕ್ಕು, ಕೆಸರು, ಒಣಗಿದ ಗ್ರೀಸು, ಅದರ ನಡುವೆ ಆ ಟೋಪಿ ಮಾತ್ರ ಸೊಟ್ಟಗೆ, ಸಡಿಲವಾಗಿ, ಆರಾಮಾಗಿ ಕೂತಿತ್ತು. ಅಷ್ಟು ವರ್ಷ ಯಾರೂ ತಿರುಗಿ ನೋಡದ ಆಕ್ಸಲ್ ಒಂದು ಹನಿ ಸೋರಿರಲಿಲ್ಲ. ನಾನು ಚಂದ ಮಾಡಿದ ಮೇಲೆ ಸೋರಿತು. ಹಳೆ ಗಾಡಿ ಅಂದಮೇಲೆ ಹಳೆ ಪಾರ್ಟನ್ನೇ ಮೊದಲು ಬೈಯುವುದು ನಮ್ಮ ರೂಢಿ. ನಾನು ಮೊನ್ನೆ ಏನೇನು ಮುಟ್ಟಿದೆ ಅಂತ ಒಂದು ಚೀಟಿಯಲ್ಲಿ ಬರೆದಿದ್ದರೂ ಸಾಕಾಗಿತ್ತು.

ಮೂರನೇ ಸೀಲ್ ಅಂತೂ ಹಾಕಲೇಬೇಕಿತ್ತು, ಹಳೆಯದರ ತುಟಿ ಹೊರಮುಖವಾಗಿ ಮಡಚಿಕೊಂಡಿತ್ತು. ಮತ್ತೆ ಉಲ್ಟಾ ಡ್ರಮ್, ಮತ್ತೆ ರಪ್ ರಪ್. ಶೂಗಳಿಗೆ ಈ ಸಲ ಎಣ್ಣೆ ಮುಟ್ಟಿರಲಿಲ್ಲ, ಅದೊಂದು ಪುಣ್ಯ. ಶೂಗಳು ಕೂರುವ ಬ್ಯಾಕಿಂಗ್ ಪ್ಲೇಟ್ ತೆಗೆಯಲು ಬ್ರೇಕ್ ಪೈಪ್ ಬಿಚ್ಚಿದ್ದರಿಂದ ಕೊನೆಗೆ ಬ್ಲೀಡಿಂಗ್, ಅಂದರೆ ಪೈಪಿನೊಳಗೆ ಸೇರಿದ ಗಾಳಿ ತೆಗೆಯುವ ಕೆಲಸ ಇದ್ದೇ ಇತ್ತು. ಹಿಂದಿನ ಸಲ ಉಳಿದಿದ್ದ ಅರ್ಧ ಡಬ್ಬಿ ಬ್ರೇಕ್ ಆಯಿಲ್ ಕೈಗೆತ್ತಿಕೊಂಡು ಕೆಳಗಿಟ್ಟೆ. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ, ನೀರು ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಪೆಡಲ್ ಸೀದಾ ನೆಲಕ್ಕೆ ಹೋಗಬೇಕು ಅನ್ನಿಸಿದವರು ಹಳೆ ಡಬ್ಬಿ ಬಳಸಬಹುದು. ಹೊಸ ಡಬ್ಬಿ ಒಡೆದೆ.

ಮಗಳು ಸೀಟಿನ ತುದಿಗೆ ಜಾರಿ ಕೂತು ಪೆಡಲ್ ಮೇಲೆ ಕಾಲಿಟ್ಟಳು.

"ಒತ್ತು. ಹಿಡ್ಕೋ."

"ಹಿಡ್ದಿದೀನಿ."

ನಿಪ್ಪಲ್ ಸಡಿಲಿಸಿದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆಗಳ ಸಾಲು ಹೋಯಿತು. ಬಿಗಿದೆ.

"ಈಗ ಬಿಡು. ಮತ್ತೆ ಒತ್ತು."

ಒಂದು ಸಲ ನಾನು ಬಿಗಿಯುವ ಮೊದಲೇ ಬಿಟ್ಟಳು, ಗಾಳಿ ಮತ್ತೆ ಒಳಗೆ ಹೋಯಿತು, ಮೊದಲಿಂದ ಶುರು. ಬೈಯೋಣ ಅನ್ನಿಸಿತು. ಬ್ರೀದರ್ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹಳೆ ಟೋಪಿಯನ್ನು ಮತ್ತೆ ಹಾಕಲಿಲ್ಲ. ಅದರ ಜಾಗಕ್ಕೆ ಪೈಪ್ ಕೂರುವ ನಿಪ್ಪಲ್ ಹಾಕಿ, ಎಣ್ಣೆ ತಡೆಯುವ ರಬ್ಬರ್ ಪೈಪನ್ನು ಆಕ್ಸಲ್ ಕುಣಿದರೂ ಎಳೆಯದಷ್ಟು ಸಡಿಲ ಬಿಟ್ಟು, ಹಿಂದಿನ ದೀಪದ ಗೂಡಿನವರೆಗೆ ಏರಿಸಿದೆ. ತುದಿಯನ್ನು ಕೆಳಮುಖವಾಗಿ ಬಗ್ಗಿಸಿ ಕಟ್ಟಿದೆ. ಆಮೇಲೆ ಮುಂದಿನ ಆಕ್ಸಲ್ ಕೆಳಗೆ ಹೋಗಿ ಕೈಯಾಡಿಸಿದೆ. ಅಲ್ಲೂ ನುಣ್ಣಗಿನ ಗುಬುಟು. ಅದನ್ನೂ ಕೆರೆದೆ.

ಮರುದಿನ ಒಂದು ತಾಸು ಓಡಿಸಿ ಬಂದು, ತುಂಬುವ ಪ್ಲಗ್ ನಿಧಾನಕ್ಕೆ ತಿರುಗಿಸಿದೆ. ಮಗಳು ಕಿವಿ ಹತ್ತಿರ ತಂದು ಕಾದಳು. ಏನೂ ಸದ್ದಿಲ್ಲ. "ಬೋರಿಂಗ್" ಅಂತ ಎದ್ದು ಹೋದಳು.

ಸೋಮವಾರ ಬೆಳಿಗ್ಗೆ ಹಿಂದಿನ ರಟ್ಟು ಒಣಗಿತ್ತು. ಟ್ರಾನ್ಸ್‌ಫರ್ ಕೇಸ್ ಕೆಳಗಿನ ರಟ್ಟಿನ ಮೇಲೆ ಬಿಲ್ಲೆಯಗಲದ ಹೊಸ ಕಲೆ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತಾರೀಖು ಬರೆದೆ. ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಟಾರ್ಚ್ ಹಿಡಿದು ಅದರ ಬ್ರೀದರ್ ಎಲ್ಲಿದೆ ಅಂತ ಹುಡುಕಲು ಕೆಳಗೆ ನುಸುಳಿದೆ.