ಚಿಕ್ಲಿಹೊಳೆಯ ಹಿನ್ನೀರಿನ ಬದಿಯಲ್ಲಿ ವ್ಯಾನ್ ವಾಸ್ತವ್ಯ

ಕುಶಾಲನಗರಕ್ಕೆ ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ದುಬಾರೆಯಲ್ಲಿ ಸಾಕಾನೆಗಳನ್ನು ನೋಡಿ ಮಡಿಕೇರಿಯ ದಾರಿ ಹಿಡಿಯುತ್ತಾರೆ. ಅದೇ ಸೀಮೆಯಲ್ಲಿ, ಕಾವೇರಿಯನ್ನು ಸೇರುವ ಪುಟ್ಟ ಹೊಳೆಯೊಂದಕ್ಕೆ ಕಟ್ಟಿದ ಚಿಕ್ಲಿಹೊಳೆ ಜಲಾಶಯವಿದೆ. ಮಳೆಗಾಲದಲ್ಲಿ ನೀರು ಅರ್ಧಚಂದ್ರಾಕಾರದ ಕಟ್ಟೆಯ ಮೇಲಿಂದ ಉಕ್ಕಿ ಬೀಳುವುದನ್ನು ನೋಡಲು ಇಲ್ಲಿಗೂ ಜನ ಬರುತ್ತಾರೆ. ನಾವು ಹೋದದ್ದು ಜನವರಿಯಲ್ಲಿ. ನೀರು ಇಳಿದು ಅಂಚಿನಲ್ಲಿ ಕೆಂಪು ಮಣ್ಣಿನ ಪಟ್ಟಿ ಕಾಣುತ್ತಿತ್ತು, ಅದರಾಚೆ ಮೀಸಲು ಅರಣ್ಯ.

ಜಲಾಶಯದ ದಂಡೆಯಲ್ಲಾಗಲಿ ಅರಣ್ಯದೊಳಗಾಗಲಿ ಹೇಳದೆ ಕೇಳದೆ ರಾತ್ರಿ ತಂಗುವುದು ಸಲ್ಲದು. ಹಾಗಾಗಿ ಹಿನ್ನೀರಿಗೆ ಸಮೀಪದ ಕಾಫಿ ತೋಟದ ಯಜಮಾನರನ್ನು ಮೊದಲೇ ಕೇಳಿಕೊಂಡು, ಅವರ ಕಣದ ಪಕ್ಕದ ಸಮತಟ್ಟು ಜಾಗದಲ್ಲಿ ನಮ್ಮ ಕ್ಯಾಂಪರ್ ವ್ಯಾನ್ ನಿಲ್ಲಿಸಿದೆವು. ವಿದ್ಯುತ್ ಸಂಪರ್ಕವನ್ನಾಗಲಿ ನಲ್ಲಿಯನ್ನಾಗಲಿ ನಾವು ಬಯಸಿರಲಿಲ್ಲ. ಚಾವಣಿಯ ಸೌರಫಲಕ, ಅದರಿಂದ ತುಂಬುವ ಬ್ಯಾಟರಿ, 80 ಲೀಟರಿನ ನೀರಿನ ಟ್ಯಾಂಕು ಮತ್ತು 5 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ಇವಿಷ್ಟೇ ನಮ್ಮ ಸೌಕರ್ಯ. ಬೆಳೆದ ಆನೆಯೊಂದು ದಿನಕ್ಕೆ 100 ಲೀಟರಿಗೂ ಹೆಚ್ಚು ನೀರು ಕುಡಿಯಬಲ್ಲದು. ಅಷ್ಟೂ ಇಲ್ಲದ ಟ್ಯಾಂಕಿನಲ್ಲಿ ಅಡುಗೆ, ಪಾತ್ರೆ, ಸ್ನಾನ ಎಲ್ಲವೂ ನಡೆಯಬೇಕಾದಾಗ ಪ್ರತಿ ಚೊಂಬಿಗೂ ಲೆಕ್ಕ ಬರುತ್ತದೆ. ಕಾಡಂಚಿನ ವಾಸಕ್ಕೆ ಈ ಮಿತಿಯೇ ಸರಿಯಾದದ್ದೆಂದು ನನ್ನ ದೃಢ ಅಭಿಪ್ರಾಯ. ದೊಡ್ಡ ದೀಪ, ಜನರೇಟರ್, ಧ್ವನಿವರ್ಧಕ ಬಂದ ಕಡೆ ಪ್ರಾಣಿಗಳು ತಮ್ಮ ದಾರಿಯನ್ನೇ ಬದಲಿಸಬೇಕಾಗುತ್ತದೆ.

"ಆರು ಗಂಟೆಯ ಮೇಲೆ ವ್ಯಾನ್ ಬಿಟ್ಟು ಇಳಿಯಬೇಡಿ. ಕಾಫಿ ಗಿಡಗಳ ನಡುವೆ ಆನೆ ನಿಂತಿದ್ದರೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ನಿಮಗೆ ಗೊತ್ತಾಗುವುದಿಲ್ಲ" ಎಂದು ಯಜಮಾನರು ಎಚ್ಚರಿಸಿದರು. ಕಂದಕ ತೋಡಿದರೂ, ಸೋಲಾರ್ ಬೇಲಿ ಹಾಕಿದರೂ, ರೈಲು ಕಂಬಿಗಳ ತಡೆ ನಿಲ್ಲಿಸಿದರೂ ಕೊಡಗಿನ ತೋಟಗಳಿಗೆ ಆನೆಗಳು ಬರುತ್ತಲೇ ಇವೆ. ತೋಟದೊಳಗೆ ವರ್ಷವಿಡೀ ಕೆರೆಯ ನೀರು, ನೆರಳು, ಹಲಸು, ಬಾಳೆ ಸಿಗುವಾಗ ಅವು ಬರುವುದು ಸಹಜವೇ. ಆದರೆ ಮುಂಜಾವದ ಮಬ್ಬಿನಲ್ಲಿ ಕೆಲಸಕ್ಕೆ ನಡೆದು ಬರುವ ಕಾರ್ಮಿಕರ ಪ್ರಾಣಭಯವೂ ಅಷ್ಟೇ ನಿಜ. ಕೊಡಗೂ ಸೇರಿದಂತೆ ಕೆಲವು ಜಿಲ್ಲೆಗಳಿಗೆ 2022ರಲ್ಲಿ ಆನೆ ಕಾರ್ಯಪಡೆ ರಚನೆಯಾಗಿದ್ದಕ್ಕೆ ಇಂಥ ಸಂಘರ್ಷವೇ ಕಾರಣ. ಕತ್ತಲಾಗುವ ಮುನ್ನವೇ ಅಕ್ಕಿ ರೊಟ್ಟಿ, ಕುಂಬಳಕಾಯಿ ಪಲ್ಯದ ಊಟ ಮುಗಿಸಿ, ಉಳಿದ ಆಹಾರವನ್ನು ಮುಚ್ಚಿಟ್ಟು, ಪರದೆ ಎಳೆದು ಮಲಗಿದೆವು. ರಾತ್ರಿ ನತ್ತಿಂಗ ಹಕ್ಕಿಯ ಕೂಗು ಬಿಡದೆ ಕೇಳುತ್ತಿತ್ತು. ಒಮ್ಮೆ ಬಿದಿರು ಮುರಿದ ಸದ್ದಾಯಿತು, ಆಮೇಲೆ ತೋಟದ ಮನೆಯ ನಾಯಿಗಳು ಬಹಳ ಹೊತ್ತು ಬೊಗಳಿದವು.

ಬೆಳಿಗ್ಗೆ ಕಣದ ಕೆಳಗಿನ ದಾರಿಯಲ್ಲಿ ಹಸಿ ಲದ್ದಿ ಬಿದ್ದಿತ್ತು. ಅದರಲ್ಲಿ ಬೀಜವಾಗಿ ಉಳಿದ ಕಾಫಿ ಕಾಳುಗಳನ್ನು ಯಜಮಾನರು ಕಡ್ಡಿಯಿಂದ ಕೆದಕಿ ತೋರಿಸಿದರು. ರೊಬಸ್ಟಾ ಹಣ್ಣಾಗುವ ಕಾಲದಲ್ಲಿ ಕೆಲವು ಆನೆಗಳು ಹಣ್ಣನ್ನೂ ತಿನ್ನುತ್ತವಂತೆ. ಬಿಸಿಲೇರಿದ ಮೇಲೆ ಅವರೊಡನೆಯೇ ನೀರಿನ ಬದಿಗೆ ಹೋದೆವು. ಒಣಗಿದ ಮರದ ಬೊಡ್ಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಹರಡಿ ಕುಳಿತಿದ್ದವು, ಮಿಂಚುಳ್ಳಿಯೊಂದು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಧುಮುಕುತ್ತಿತ್ತು. ಕೆಸರಿನಲ್ಲಿ ನೀರುನಾಯಿಯ ಹೆಜ್ಜೆಗಳಿದ್ದವು. ಮೀನು ಹೇರಳವಾಗಿರುವ, ದಡದಲ್ಲಿ ಗದ್ದಲವಿಲ್ಲದ ನೀರನ್ನು ಆ ಪ್ರಾಣಿ ಆರಿಸಿಕೊಳ್ಳುತ್ತದೆಯಾದ್ದರಿಂದ, ಆ ಹೆಜ್ಜೆಗಳನ್ನು ಕಂಡು ಆನೆಯನ್ನೇ ಕಂಡಷ್ಟು ಸಂತೋಷವಾಯಿತು.

ಇಂಥ ಪ್ರವಾಸಕ್ಕೆ ಹೊರಡುವವರು ಮೊದಲು ಯೋಚಿಸಬೇಕಾದದ್ದು ಕೊಳೆ ನೀರಿನ ಬಗ್ಗೆ. ಪಾತ್ರೆ ತೊಳೆದ ಸೋಪಿನ ನೀರನ್ನಾಗಲಿ ಶೌಚದ ಡಬ್ಬಿಯನ್ನಾಗಲಿ ತೋಟದ ತೋಡಿಗೆ ಸುರಿದರೆ ಅದು ಜಲಾಶಯಕ್ಕೆ, ಅಲ್ಲಿಂದ ಗದ್ದೆಗಳಿಗೆ ಹೋಗುತ್ತದೆ. ನಾವು ಎರಡನ್ನೂ ಮುಚ್ಚಿದ ಟ್ಯಾಂಕುಗಳಲ್ಲಿ ಮೈಸೂರಿಗೆ ಹೊತ್ತು ತಂದು ಮನೆಯ ಒಳಚರಂಡಿಗೆ ಖಾಲಿ ಮಾಡಿದೆವು. ಹೆದ್ದಾರಿಯಲ್ಲಿರುವ ಕುಶಾಲನಗರದಂಥ ಊರಿನಲ್ಲಿ, ಶುಲ್ಕ ಪಡೆದಾದರೂ ಸರಿ, ವ್ಯಾನುಗಳ ಟ್ಯಾಂಕು ಖಾಲಿ ಮಾಡಲು ಒಂದು ವ್ಯವಸ್ಥೆ ಮಾಡುವುದು, ವ್ಯಾನುಗಳ ಸಂಖ್ಯೆ ಹೆಚ್ಚುವ ಮೊದಲೇ ಆಗಬೇಕಾದ ಕೆಲಸ.